ವಿಷದ್ರವ್ಯಗಳು ಹೊರಬಿದ್ದಾಗ ಅನುಸರಿಸತಕ್ಕ ಕ್ರಮಗಳು

ವ್ಯವಸಾಯಕ್ಕೆ ಬೇಕಾದ ಪದಾರ್ಥಗಳೆಂದರೆ ಬಿತ್ತನೆಯ ಬೀಜ, ಗೊಬ್ಬರ, ನೇಗಿಲು, ನೀರು ಇಷ್ಟೇ ಎಂದು ಹೇಳುತ್ತಿದ್ದ ಕಾಲವು ಕಳೆದುಹೋಗಿದೆ. ಕೀಟನಾಶಕಗಳು, ಕಳೆನಾಶಕಗಳು, ದವಸದ ಹುಳುಗಳನ್ನು ಕೊಲ್ಲುವ ಹೊಗೆಮಾತ್ರೆಗಳು ಇವೆಲ್ಲವೂ ಈಗ ಹಳ್ಳಿಯ ಅಂಗಡಿಗೂ ಉಗ್ರಾಣಕ್ಕೂ ಬಂದು ಸೇರಿವೆ. ಮೆಣಸಿನಕಾಯಿ, ಆಲೂಗೆಡ್ಡೆ ಮುಂತಾದುವನ್ನು ಕೆಡದಂತೆ ಇಡುವ ಶೈತ್ಯಾಗಾರಗಳಲ್ಲಿ ಅನೇಕವು ಅಮೋನಿಯ ಎಂಬ ತೀಕ್ಷ್ಣವಾದ ಅನಿಲದಿಂದ ನಡೆಯುತ್ತವೆ. ಹಳ್ಳಿಗಳ ಪಕ್ಕದ ಹೆದ್ದಾರಿಗಳಲ್ಲಿ ಅಡಿಗೆ ಅನಿಲ, ಪೆಟ್ರೋಲು, ಆಮ್ಲ, ಕ್ಲೋರಿನ್ ಮೊದಲಾದುವನ್ನು ತುಂಬಿದ ವಾಹನಗಳು ಹಗಲಿರುಳೂ ಸಂಚರಿಸುತ್ತವೆ. ಇಂಥ ದ್ರವ್ಯಗಳು ಪೀಪಾಯಿ ಒಡೆದೋ, ವಾಹನವು ಉರುಳಿಯೋ, ಉಗ್ರಾಣಕ್ಕೆ ಬೆಂಕಿ ಬಿದ್ದೋ ಹೊರಬಿದ್ದಾಗ ಅವನ್ನು ಎದುರಿಸುವುದಕ್ಕೆಂದು ತರಬೇತು ಹೊಂದಿದ ರಕ್ಷಣಾದಳದವರಿದ್ದಾರೆ. ಆದರೆ ಅವರು ಬಂದು ಸೇರುವ ತನಕ ಸ್ಥಳದಲ್ಲಿರುವವರು ಗ್ರಾಮಸ್ಥರೇ. ಆದಕಾರಣ ಆ ದಳದವರು ಯಾವ ಕ್ರಮವನ್ನು ಅನುಸರಿಸುತ್ತಾರೆ, ಏತಕ್ಕಾಗಿ ಅನುಸರಿಸುತ್ತಾರೆ ಎಂಬುದನ್ನು ಊರಿನ ಯಜಮಾನರೂ ಜಮೀನುದಾರರೂ ತಿಳಿದಿರುವುದು ಅತ್ಯಾವಶ್ಯಕವು.

೧. ನೆರವಿಗೆ ಓಡಿದವರಿಗೆ ಒದಗುವ ವಿಪತ್ತು

ಕೂಗು ಕೇಳಿದೊಡನೆ ಊರಿಗೆ ಊರೇ ಓಡಿಬರುವುದು ನಮ್ಮ ಗ್ರಾಮಗಳ ದೊಡ್ಡ ಗುಣವು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗಲೂ, ಎತ್ತು ಕೆಸರಿನಲ್ಲಿ ಹೂತಾಗಲೂ ಈ ಗುಣದಿಂದ ಲಾಭವೇ ಹೊರತು ನಷ್ಟವಿಲ್ಲ. ವಿಷದ್ರವ್ಯಗಳ ವಿಷಯದಲ್ಲಿ ಮಾತ್ರ ಅದೇ ಗುಣವು ಪ್ರಾಣಕ್ಕೆ ಮುಳುವಾಗುತ್ತದೆ. ಒಬ್ಬನು ಬಿದ್ದ ಸ್ಥಳಕ್ಕೆ ಹತ್ತು ಜನ ಓಡಿದರೆ ಹತ್ತು ಜನರೂ ಬೀಳುವ ಸಂಭವವುಂಟು.

೨೦೧೭ನೆಯ ಇಸವಿ ಜೂನ್ ೨೫ರಂದು ಪಾಕಿಸ್ತಾನದ ಪಂಜಾಬ್ ಪ್ರಾಂತದ ಅಹ್ಮದ್‌ಪುರ್ ಷರ್ಕಿಯ ಎಂಬಲ್ಲಿ ಪೆಟ್ರೋಲು ತುಂಬಿದ ಟ್ಯಾಂಕರು ಉರುಳಿತು. ಸುತ್ತಲಿನ ಜನರು ಕೊಡ, ಡಬ್ಬಗಳನ್ನು ಹಿಡಿದು ಹರಿಯುತ್ತಿದ್ದ ಪೆಟ್ರೋಲನ್ನು ತುಂಬಿಕೊಳ್ಳಲು ನೆರೆದರು. ಅಷ್ಟರಲ್ಲಿ ಬೆಂಕಿ ಹತ್ತಿ ೨೦೦ಕ್ಕೂ ಹೆಚ್ಚು ಜನರು ಮೃತರಾದರು. ನಮ್ಮ ರಾಜ್ಯದಲ್ಲಿಯೇ ೨೦೧೩ನೆಯ ಏಪ್ರಿಲ್ ೯ರಂದು ದಕ್ಷಿಣ ಕನ್ನಡ ಜಿಲ್ಲೆಯ ಪೆರ್ನೆಯ ಬಳಿ ಅಡಿಗೆ ಅನಿಲದ ಟ್ಯಾಂಕರು ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಹಲವರು ಪ್ರಾಣ ಕಳೆದುಕೊಂಡರು.

ರಕ್ಷಣಾದಳದವರಿಗೆ ಮೊದಲ ಪಾಠವಾಗಿ ಕಲಿಸುವುದು ಇದನ್ನೇ: ತಾನು ಬಿದ್ದವನಿಂದ ಇನ್ನೊಬ್ಬನಿಗೆ ಸಹಾಯವಾಗಲಾರದು, ಅವನನ್ನು ಎತ್ತಲು ಮತ್ತಿಬ್ಬರು ಬೇಕಾಗುತ್ತಾರೆ. ಆದುದರಿಂದ ಅವರು ಸ್ಥಳಕ್ಕೆ ಬಂದೊಡನೆ ಮುನ್ನುಗ್ಗುವುದಿಲ್ಲ. ದೂರದಲ್ಲಿ ನಿಂತು ನೋಡುತ್ತಾರೆ. ಇದನ್ನು ಕಂಡು ಕೆಲವರು ಅವರನ್ನು ಹೇಡಿಗಳೆಂದೂ ನಿಧಾನಿಗಳೆಂದೂ ಜರೆಯುವುದುಂಟು. ಇದು ತಪ್ಪು. ಆ ಕೆಲವು ನಿಮಿಷಗಳ ನೋಟವೇ ಅವರ ಕೆಲಸದ ಅಡಿಪಾಯವು.

೨. ಗಾಳಿಯ ದಿಕ್ಕೂ ನೆಲದ ತಗ್ಗೂ

ಕಣದಲ್ಲಿ ರಾಗಿ ತೂರುವ ಒಕ್ಕಲಿಗನು ಮೊದಲು ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ಬಿಟ್ಟು ಗಾಳಿಯು ಎತ್ತ ಬೀಸುವುದೆಂದು ನೋಡುತ್ತಾನೆ. ರಕ್ಷಣಾದಳದವರು ಮಾಡುವ ಪ್ರಥಮ ಕಾರ್ಯವೂ ಇದಕ್ಕೆ ಸಮಾನವಾದುದೇ. ಅವರು ಯಾವಾಗಲೂ ಗಾಳಿಯು ಬೀಸಿಬರುವ ಕಡೆಯಿಂದ, ಅಂದರೆ ಗಾಳಿಯು ತಮ್ಮ ಬೆನ್ನಿಗೆ ತಾಕುವಂತೆ, ಸ್ಥಳವನ್ನು ಸಮೀಪಿಸುತ್ತಾರೆ. ಎರಡನೆಯದಾಗಿ, ತಗ್ಗಿನಲ್ಲಿ ನಿಲ್ಲದೆ ದಿಬ್ಬದ ಮೇಲೆ ನಿಲ್ಲುತ್ತಾರೆ. ಏತಕ್ಕೆಂದರೆ, ಅಡಿಗೆ ಅನಿಲ, ಕ್ಲೋರಿನ್ ಮುಂತಾದ ಅನೇಕ ಅನಿಲಗಳು ಗಾಳಿಗಿಂತ ಭಾರವಾಗಿದ್ದು, ನೀರು ಹರಿಯುವಂತೆ ಹಳ್ಳಕೊಳ್ಳಗಳ ಕಡೆಗೆ ಹರಿದು ಅಲ್ಲಿಯೇ ನಿಲ್ಲುತ್ತವೆ.

ಈ ನಿಯಮವು ಅರಿಯದುದರಿಂದ ಆಗುವ ಹಾನಿಯನ್ನು ಭೋಪಾಲ್ ನಗರದ ದುರಂತವು ತೋರಿಸಿಕೊಟ್ಟಿದೆ. ೧೯೮೪ನೆಯ ಇಸವಿ ಡಿಸೆಂಬರ್ ೨-೩ರ ನಡುವಣ ರಾತ್ರಿ ಅಲ್ಲಿಯ ಕೀಟನಾಶಕದ ಕಾರ್ಖಾನೆಯಿಂದ ಮೀಥೈಲ್ ಐಸೊಸೈಯನೇಟ್ ಎಂಬ ದ್ರವ್ಯವು ಸುಮಾರು ೪೦ ಟನ್ನುಗಳಷ್ಟು ಆವಿಯಾಗಿ ಹೊರಬಿತ್ತು. ಆ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲಕ್ಕೆ ಹತ್ತಿಕೊಂಡು ಗುಡಿಸಲುಗಳ ನಡುವೆ ಹರಡಿತು. ನಿದ್ರೆಯಿಂದ ಎದ್ದ ಜನರು ದಿಕ್ಕು ತಿಳಿಯದೆ ಓಡಿದರು; ಓಡಿದಷ್ಟೂ ಉಸಿರಾಟ ಹೆಚ್ಚಿ ವಿಷವೂ ಹೆಚ್ಚಾಗಿ ಒಳಸೇರಿತು. ಒದ್ದೆಯ ಬಟ್ಟೆಯಿಂದ ಮೂಗುಬಾಯಿಗಳನ್ನು ಮುಚ್ಚಿಕೊಳ್ಳಬೇಕೆಂಬ ಸಣ್ಣ ಸಂಗತಿಯನ್ನಾದರೂ ಅವರಿಗೆ ಮೊದಲೇ ಯಾರೂ ತಿಳಿಸಿರಲಿಲ್ಲ. ಸರ್ಕಾರದ ಲೆಕ್ಕದಂತೆಯೇ ೩,೭೮೭ ಜನರು ಮೃತರಾದರು. ಇತರರ ಲೆಕ್ಕವು ಇದಕ್ಕಿಂತ ಬಹಳ ಹೆಚ್ಚು.

ಆವಿಯ ಹಾದಿಯಿಂದ ಪಾರಾಗಬೇಕಾದವರು ಗಾಳಿಯ ಜೊತೆಯಲ್ಲಿ ಓಡಕೂಡದು. ಆವಿಯ ಎದುರಿಗೂ ನುಗ್ಗಕೂಡದು. ಗಾಳಿಗೆ ಅಡ್ಡಲಾಗಿ, ಪಕ್ಕಕ್ಕೆ, ಎತ್ತರದ ನೆಲದ ಕಡೆಗೆ ನಡೆಯತಕ್ಕದ್ದು.

ಎಷ್ಟು ದೂರ ನಿಲ್ಲಬೇಕೆಂಬುದು ದ್ರವ್ಯದ ಗುಣವನ್ನೂ ಪರಿಮಾಣವನ್ನೂ ಅನುಸರಿಸಿರುತ್ತದೆ. ಅಮೋನಿಯವು ಸೋರಿದಾಗ ಪ್ರಾರಂಭದಲ್ಲಿ ಸುತ್ತಲೂ ೧೦೦ ಮೀಟರಿಗೆ ಕಡಮೆಯಿಲ್ಲದಂತೆ ಜನರನ್ನು ತೆರವು ಮಾಡಿಸಬೇಕೆಂದೂ, ಅದರ ಟ್ಯಾಂಕರಿಗೆ ಬೆಂಕಿ ತಗುಲಿದ್ದರೆ ೧,೬೦೦ ಮೀಟರು ದೂರ ಸರಿಸಬೇಕೆಂದೂ ರಕ್ಷಣಾದಳದವರ ಕೈಪಿಡಿಗಳಲ್ಲಿ ವಿಧಿಸಿದೆ. ಕೈಪಿಡಿಯಿಲ್ಲದವರಿಗೂ ಉಪಯೋಗಕ್ಕೆ ಬರುವ ಒಂದು ಸುಲಭೋಪಾಯವುಂಟು. ಕೈಯನ್ನು ನೀಳವಾಗಿ ಚಾಚಿ ಹೆಬ್ಬೆರಳನ್ನು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಬೇಕು. ಉರುಳಿದ ವಾಹನವೂ ಸುತ್ತಲಿನ ಚೆಲ್ಲಾಟವೂ ಪೂರ್ತಿಯಾಗಿ ಹೆಬ್ಬೆರಳಿನ ಮರೆಗೆ ಬಾರದಿದ್ದರೆ ನೋಡುವವನು ಅತಿ ಸಮೀಪದಲ್ಲಿದ್ದಾನೆಂದು ತಿಳಿದು ಹಿಂದಕ್ಕೆ ಸರಿಯತಕ್ಕದ್ದು.

೩. ದ್ರವ್ಯವನ್ನು ಗುರುತಿಸುವ ಬಗೆ

ಹಾವು ಕಚ್ಚಿದವನಿಗೆ ಚಿಕಿತ್ಸೆ ಮಾಡುವ ವೈದ್ಯನಿಗೆ ಹಾವಿನ ಜಾತಿ ತಿಳಿದಷ್ಟೂ ಅನುಕೂಲ. ಹಾಗೆಯೇ ಹೊರಬಿದ್ದ ದ್ರವ್ಯದ ಹೆಸರು ತಿಳಿಯದೆ ರಕ್ಷಣಾದಳದವರು ಮುಂದಿನ ಹೆಜ್ಜೆ ಇಡುವುದಿಲ್ಲ. ಭೋಪಾಲಿನಲ್ಲಿ ಆ ರಾತ್ರಿ ಆಸ್ಪತ್ರೆಗೆ ಬಂದ ಸಾವಿರಾರು ಜನರನ್ನು ಬಾಧಿಸಿದ ವಿಷವು ಯಾವುದೆಂಬುದು ವೈದ್ಯರಿಗೆ ಸ್ಪಷ್ಟವಾಗಿ ತಿಳಿದಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ೨೦೨೦ನೆಯ ಮೇ ೭ರಂದು ವಿಶಾಖಪಟ್ಟಣದ ಬಳಿಯ ಕಾರ್ಖಾನೆಯಿಂದ ಸ್ಟೈರೀನ್ ಆವಿಯು ಹೊರಬಿದ್ದಾಗ, ದ್ರವ್ಯವು ಯಾವುದೆಂದು ಗೊತ್ತಿದ್ದುದರಿಂದ, ತೊಟ್ಟಿಯೊಳಗಿನ ಕ್ರಿಯೆಯನ್ನು ತಡೆಯುವ ರಾಸಾಯನಿಕವನ್ನು ಗುಜರಾತಿನಿಂದ ವಿಮಾನದ ಮೂಲಕ ತರಿಸಿ ಸೇರಿಸಲು ಸಾಧ್ಯವಾಯಿತು. ಅಷ್ಟರಲ್ಲಿಯೇ ಹಲವರು ಮಡಿದಿದ್ದರೂ ವಿಪತ್ತು ಇನ್ನಷ್ಟು ಬೆಳೆಯದಂತಾಯಿತು.

ನಮ್ಮ ದೇಶದಲ್ಲಿ ಅಪಾಯಕರವಾದ ದ್ರವ್ಯಗಳನ್ನು ಸಾಗಿಸುವ ವಾಹನಗಳ ಮೇಲೆ, ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ದ್ರವ್ಯದ ವಿವರವುಳ್ಳ ಫಲಕವನ್ನು ಹಾಕಿರಬೇಕು. ಅದರಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆಯಿರುತ್ತದೆ. ಲೋಕದ ಎಲ್ಲ ದೇಶಗಳಲ್ಲಿಯೂ ಒಂದೇ ಸಂಖ್ಯೆಗೆ ಒಂದೇ ಅರ್ಥ. ೧೦೦೫ ಎಂದರೆ ಅಮೋನಿಯ. ೧೦೧೭ ಎಂದರೆ ಕ್ಲೋರಿನ್. ೧೦೭೫ ಎಂದರೆ ಅಡಿಗೆ ಅನಿಲ. ೧೨೦೩ ಎಂದರೆ ಪೆಟ್ರೋಲು. ೧೮೩೦ ಎಂದರೆ ಗಂಧಕಾಮ್ಲ. ಇದರೊಂದಿಗೆ ಅಂಕಿಯೂ ಇಂಗ್ಲಿಷ್ ಅಕ್ಷರಗಳೂ ಕೂಡಿದ ಇನ್ನೊಂದು ಸಂಕೇತವಿರುತ್ತದೆ. ಅದರ ಮೊದಲ ಅಂಕಿಯು ಬೆಂಕಿಯನ್ನಾಗಲಿ ಸೋರಿಕೆಯನ್ನಾಗಲಿ ಎದುರಿಸಲು ಏನನ್ನು ಉಪಯೋಗಿಸಬೇಕೆಂಬುದನ್ನು ತಿಳಿಸುತ್ತದೆ: ೧ ಇದ್ದರೆ ದಪ್ಪ ಹನಿಯ ನೀರು, ೨ ಇದ್ದರೆ ಮಂಜಿನಂಥ ಸಣ್ಣ ಹನಿಯ ನೀರು, ೩ ಇದ್ದರೆ ನೊರೆ, ೪ ಇದ್ದರೆ ಮರಳು ಮುಂತಾದ ಒಣ ಪದಾರ್ಥ. ಕೊನೆಯಲ್ಲಿ 'ಇ' ಎಂಬ ಅಕ್ಷರವಿದ್ದರೆ ಸುತ್ತಣ ಜನರನ್ನು ತೆರವು ಮಾಡಿಸುವ ವಿಚಾರವನ್ನು ಕೂಡಲೆ ಯೋಚಿಸಬೇಕೆಂದು ಅರ್ಥ. ಇವನ್ನು ಓದುವುದಕ್ಕಾಗಿ ಹತ್ತಿರ ಹೋಗಕೂಡದು. ದೂರದಿಂದ ಕಂಡಷ್ಟನ್ನು, ಅಥವಾ ಮೊಬೈಲಿನಿಂದ ಚಿತ್ರವನ್ನು ದೊಡ್ಡದು ಮಾಡಿ ಕಂಡಷ್ಟನ್ನು, ಬರೆದುಕೊಂಡರೆ ಸಾಕು. ಚಾಲಕನು ಹೊರಗೆ ಬಂದಿದ್ದರೆ ಅವನ ಬಳಿ ದ್ರವ್ಯದ ವಿವರಗಳಿರುವ ಕಾಗದವಿರಬೇಕು. ಅದನ್ನು ಕೇಳಿ ಪಡೆಯತಕ್ಕದ್ದು.

ಕೀಟನಾಶಕದ ಡಬ್ಬಗಳ ಮೇಲೆ ಬಣ್ಣದ ಗುರುತು ಇರುವುದು ವಾಚಕರಿಗೆ ತಿಳಿದೇ ಇದೆ. ಕೆಂಪು ಬಣ್ಣವು ಅತ್ಯುಗ್ರ ವಿಷಕ್ಕೂ, ಹಳದಿಯು ಅದಕ್ಕಿಂತ ಕೆಳಗಿನ ದರ್ಜೆಗೂ, ನೀಲಿಯು ಮಧ್ಯಮಕ್ಕೂ, ಹಸುರು ಸ್ವಲ್ಪ ವಿಷಕ್ಕೂ ಗುರುತು. ಹಸುರು ಬಣ್ಣವು ನಿರಪಾಯದ ಗುರುತಲ್ಲವೆಂಬುದನ್ನು ಮರೆಯಬಾರದು.

೪. ಮೂರು ವಲಯಗಳು ಮತ್ತು ಉಡುಪು

ದ್ರವ್ಯವು ಗೊತ್ತಾದ ಮೇಲೆ ರಕ್ಷಣಾದಳದವರು ಸ್ಥಳವನ್ನು ಮೂರು ವಲಯಗಳಾಗಿ ವಿಂಗಡಿಸುತ್ತಾರೆ. ದ್ರವ್ಯವು ಚೆಲ್ಲಿರುವ ಒಳಗಣ ಭಾಗವು ಮೊದಲನೆಯದು. ಇಲ್ಲಿಗೆ ತಕ್ಕ ಉಡುಪನ್ನು ಧರಿಸಿದವರ ಹೊರತು ಯಾರೂ ಹೋಗುವಂತಿಲ್ಲ. ಅದರ ಹೊರಗಣದು ಎರಡನೆಯದು. ಒಳಗಿನಿಂದ ಬಂದ ಜನರನ್ನೂ ಉಪಕರಣಗಳನ್ನೂ ಇಲ್ಲಿ ತೊಳೆದು ಶುದ್ಧಿ ಮಾಡುತ್ತಾರೆ. ಅದಕ್ಕೂ ಹೊರಗೆ, ಗಾಳಿಯು ಬೀಸಿಬರುವ ಕಡೆ, ಮೂರನೆಯದು. ಅಧಿಕಾರಿಗಳು, ವೈದ್ಯರು, ವಾಹನಗಳು ಇರುವುದು ಇಲ್ಲಿ. ಸೂತಕದ ಮನೆಯಿಂದ ಬಂದವರು ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಹಿಂದಿನವರ ಪದ್ಧತಿಯನ್ನು ಇದು ಹೋಲುತ್ತದೆ. ತೊಳೆಯದೆ ಒಂದು ವಲಯದಿಂದ ಇನ್ನೊಂದಕ್ಕೆ ಯಾರೂ ದಾಟಕೂಡದು.

ಉಡುಪಿನಲ್ಲಿಯೂ ದರ್ಜೆಗಳುಂಟು. ಉಗ್ರವಾದ ಅನಿಲವಿರುವಲ್ಲಿ ಮೈಯೆಲ್ಲ ಮುಚ್ಚುವ, ಗಾಳಿಯಾಡದ ಉಡುಪನ್ನೂ, ಬೆನ್ನಿನ ಮೇಲೆ ಹೊತ್ತ ಉರುಳೆಯಿಂದ ಉಸಿರಿಗೆ ಗಾಳಿಯನ್ನೊದಗಿಸುವ ಉಪಕರಣವನ್ನೂ ಧರಿಸುತ್ತಾರೆ. ಒಳಗೆ ಒಬ್ಬನನ್ನೇ ಕಳುಹಿಸುವುದಿಲ್ಲ. ಇಬ್ಬರು ಜೊತೆಯಾಗಿ ಹೋಗುತ್ತಾರೆ, ಅವರಿಗೆ ವಿಪತ್ತಾದರೆ ಬಿಡಿಸಿ ತರಲು ಬೇರೆ ಇಬ್ಬರು ಅದೇ ಉಡುಪಿನಲ್ಲಿ ಸಿದ್ಧರಾಗಿ ಹೊರಗೆ ನಿಂತಿರುತ್ತಾರೆ. ಔಷಧಿ ಸಿಂಪಡಿಸುವಾಗ ಮುಖಕ್ಕೆ ಕಟ್ಟುವ ಟವಲಾಗಲಿ, ಧೂಳಿನ ಮುಸುಕಾಗಲಿ ಅನಿಲವನ್ನು ತಡೆಯಲಾರವು. ಅವುಗಳನ್ನು ನಂಬಿ ಒಳಗೆ ಹೋಗುವುದು ಜೀವವನ್ನೇ ಪಣವಿಟ್ಟಂತೆ.

೫. ನೀರು ಎಲ್ಲಕ್ಕೂ ಮದ್ದಲ್ಲ

ಅಪಾಯವೆಂದೊಡನೆ ನೀರು ಸುರಿಯುವುದು ಜನರ ಸ್ವಭಾವ. ಇದರಲ್ಲಿ ಬಹು ಎಚ್ಚರಿಕೆ ಬೇಕು.

ಅಮೋನಿಯವು ನೀರಿನಲ್ಲಿ ಚೆನ್ನಾಗಿ ಕರಗುವ ಅನಿಲ. ಆದಕಾರಣ ಗಾಳಿಯಲ್ಲಿ ಹರಡುತ್ತಿರುವ ಅದರ ಆವಿಯ ಮುಂದೆ ರಕ್ಷಣಾದಳದವರು ನೀರನ್ನು ಸಣ್ಣ ಹನಿಗಳ ಪರದೆಯಂತೆ ಸಿಂಪಡಿಸಿ ಆವಿಯನ್ನು ತಗ್ಗಿಸುತ್ತಾರೆ. ಆದರೆ ನೆಲದ ಮೇಲೆ ನಿಂತಿರುವ ಅಮೋನಿಯ ದ್ರವದ ಮೇಲೆ ನೀರನ್ನು ಹಾಕುವುದಿಲ್ಲ. ಆ ದ್ರವವು ಸೊನ್ನೆಗಿಂತ ೩೩ ಡಿಗ್ರಿ ಕೆಳಗಿನ ಶೈತ್ಯದಲ್ಲಿಯೇ ಕುದಿಯತಕ್ಕದ್ದು; ನೀರಿನ ಬಿಸುಪು ತಾಕಿದೊಡನೆ ಇನ್ನೂ ವೇಗವಾಗಿ ಆವಿಯಾಗುತ್ತದೆ.

ದವಸದ ಉಗ್ರಾಣಗಳಲ್ಲಿ ಉಪಯೋಗಿಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ವಿಷಯದಲ್ಲಿ ನೀರು ಶತ್ರುವೇ ಸರಿ. ೩ ಗ್ರಾಂ ತೂಕದ ಒಂದು ಮಾತ್ರೆಯು ತೇವ ತಗುಲಿದೊಡನೆ ೧ ಗ್ರಾಂ ಫಾಸ್ಫೀನ್ ಎಂಬ ಮಾರಕವಾದ ಅನಿಲವನ್ನು ಬಿಡುತ್ತದೆ. ಒಂದೇ ಕಡೆ ರಾಶಿ ಬಿದ್ದ ಮಾತ್ರೆಗಳಿಗೆ ನೀರು ತಗುಲಿದರೆ ಬೆಂಕಿಯೂ ಏಳಬಹುದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಆದಕಾರಣ ಇದನ್ನು ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಉಪಯೋಗಿಸಬೇಕೆಂದು ಸರ್ಕಾರವು ನಿರ್ಬಂಧಿಸಿದೆ. ಮನೆಯಲ್ಲಿ ಜನರು ಮಲಗುವ ಕೋಣೆಗೆ ಹತ್ತಿಕೊಂಡ ಉಗ್ರಾಣದಲ್ಲಿ ಈ ಮಾತ್ರೆಗಳನ್ನು ಯಾವ ಕಾರಣದಿಂದಲೂ ಇಡಕೂಡದು. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆಯು ಇದರ ಸೂಚನೆ. ಆದರೆ ವಾಸನೆಯಿಲ್ಲದ ಮಾತ್ರಕ್ಕೆ ಅನಿಲವಿಲ್ಲವೆಂದು ನಂಬುವಂತಿಲ್ಲ.

ಕೀಟನಾಶಕದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಮತ್ತೊಂದು ಬಗೆಯ ಕೇಡುಂಟು. ೧೯೮೬ನೆಯ ನವೆಂಬರ್ ೧ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಬಳಿ ವ್ಯವಸಾಯದ ರಾಸಾಯನಿಕಗಳನ್ನು ತುಂಬಿದ್ದ ಒಂದು ದೊಡ್ಡ ಉಗ್ರಾಣವು ಹೊತ್ತಿ ಉರಿಯಿತು. ಬೆಂಕಿಯು ನೀರಿನಿಂದ ಆರಿತು. ಆದರೆ ಆ ನೀರು ವಿಷಗಳನ್ನು ತೊಳೆದುಕೊಂಡು ರೈನ್ ನದಿಗೆ ಸೇರಿತು. ನದಿಯು ಕೆಂಪಾಗಿ ಹರಿಯಿತು. ಕೆಳಗೆ ಬಹು ದೂರದವರೆಗೂ ಮೀನುಗಳು ರಾಶಿರಾಶಿಯಾಗಿ ಸತ್ತವು. ಅಂದಿನಿಂದ ರಕ್ಷಣಾದಳದವರು ಇಂಥ ಬೆಂಕಿಯಲ್ಲಿ ನೀರನ್ನು ಮಿತವಾಗಿ ಉಪಯೋಗಿಸಿ, ಹರಿದುಬರುವ ನೀರಿಗೆ ಮೊದಲೇ ಕಟ್ಟೆ ಹಾಕುವ ಪದ್ಧತಿಗೆ ಹೆಚ್ಚು ಗಮನ ಕೊಡುತ್ತಾರೆ. ಅಕ್ಕಪಕ್ಕಕ್ಕೆ ಹರಡುವ ಭಯವಿಲ್ಲದಿದ್ದರೆ ಉಗ್ರಾಣವನ್ನು ಉರಿದುಹೋಗಲು ಬಿಡುವುದೇ ಲೇಸೆಂದು ಕೆಲವೊಮ್ಮೆ ನಿರ್ಧರಿಸುವುದೂ ಉಂಟು. ಕೆರೆಯ ಕೆಳಗೆ ಬದುಕುವ ನಮ್ಮ ಗ್ರಾಮಗಳಿಗೆ ಈ ಪಾಠವು ಬಹು ಮುಖ್ಯವಾದುದು. ಕೆರೆಗೆ ವಿಷ ಸೇರಿದರೆ ದನಕರುಗಳೂ ಮೀನೂ ಕುಡಿಯುವ ನೀರೂ ಒಟ್ಟಿಗೆ ಹಾಳಾಗುವುವು.

ಚೆಲ್ಲಿದ ಕೀಟನಾಶಕವು ಅಲ್ಪ ಪ್ರಮಾಣದಲ್ಲಿದ್ದರೆ, ಮೇಲೆ ಒಣ ಮಣ್ಣು ಅಥವಾ ಮರಳನ್ನು ಹಾಕಿ ಹೀರಿಸಿ, ಸಲಿಕೆಯಿಂದ ಗುಡಿಸಿ ಮುಚ್ಚಳವುಳ್ಳ ಪಾತ್ರೆಗೆ ತುಂಬಿ, ಗುರುತು ಬರೆದು ಪ್ರತ್ಯೇಕವಾಗಿಡತಕ್ಕದ್ದು. ಅದನ್ನು ಕಾಲುವೆಗೆ ತೊಳೆದು ಬಿಡಕೂಡದು.

೬. ವಿಷ ತಗುಲಿದವರ ಶುದ್ಧಿ

ಮೈಮೇಲೆ ವಿಷ ಬಿದ್ದವನನ್ನು ಹಾಗೆಯೇ ಎತ್ತಿ ಬಂಡಿಗೆ ಹಾಕಿಕೊಂಡು ಹೋದರೆ ಎತ್ತಿದವರಿಗೂ ಆಸ್ಪತ್ರೆಯವರಿಗೂ ಆ ವಿಷವು ತಗಲುತ್ತದೆ. ಆದಕಾರಣ ರಕ್ಷಣಾದಳದವರು ಅವನನ್ನು ಸುರಕ್ಷಿತವಾದ ಸ್ಥಳಕ್ಕೆ ತಂದು ಮೊದಲು ಬಟ್ಟೆಗಳನ್ನು ತೆಗೆಸುತ್ತಾರೆ. ಬಟ್ಟೆ ತೆಗೆದ ಮಾತ್ರಕ್ಕೆ ವಿಷದ ಬಹುಭಾಗವು ಹೋಗುತ್ತದೆ. ಬಳಿಕ ಧಾರಾಳವಾದ ನೀರಿನಿಂದಲೂ ಸಾಬೂನಿನಿಂದಲೂ ತೊಳೆಯುತ್ತಾರೆ. ಚರ್ಮವನ್ನು ಉಜ್ಜಿ ಕೆರೆಯುವುದಿಲ್ಲ. ಕಣ್ಣಿಗೆ ಬಿದ್ದಿದ್ದರೆ ೧೫ ನಿಮಿಷಗಳಿಗೆ ಕಡಮೆಯಿಲ್ಲದಂತೆ ನೀರು ಹಾಯಿಸುತ್ತಾರೆ. ಹೆಂಗಸರ ಮಾನಕ್ಕೆ ಕುಂದು ಬಾರದಂತೆ ಸೀರೆ, ಕಂಬಳಿಗಳ ಮರೆ ಕಟ್ಟುವುದು ಸುಲಭ. ಮರೆಯಿಲ್ಲವೆಂಬ ಕಾರಣದಿಂದ ತೊಳೆಯುವುದನ್ನು ತಡಮಾಡುವುದು ಸಲ್ಲದು.

ಕಣ್ಣಿನ ಪಾಪೆಯು ಸಾಸಿವೆಯಷ್ಟು ಕಿರಿದಾಗುವುದು, ಜೊಲ್ಲು ಸುರಿಯುವುದು, ಅತಿಯಾಗಿ ಬೆವರುವುದು, ಮಾಂಸಖಂಡಗಳು ಅದುರುವುದು ಇವು ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕಗಳ ಲಕ್ಷಣಗಳು. ಇದಕ್ಕೆ ಅಟ್ರೊಪಿನ್ ಮುಂತಾದ ಮದ್ದುಗಳು ಆಸ್ಪತ್ರೆಯಲ್ಲಿ ಇರುತ್ತವೆ. ಹಾಲು, ತುಪ್ಪ, ಹುಣಿಸೆಯ ನೀರು ಕುಡಿಸುವುದೂ, ಬಲವಂತದಿಂದ ವಾಂತಿ ಮಾಡಿಸುವುದೂ ಹಾನಿಕರ. ಡಬ್ಬದ ಮೇಲಿನ ಚೀಟಿಯನ್ನು ಅಥವಾ ಅದರ ಚಿತ್ರವನ್ನು ರೋಗಿಯೊಡನೆ ಕಳುಹಿಸಿದರೆ ವೈದ್ಯರಿಗೆ ಮಹದುಪಕಾರವಾಗುತ್ತದೆ.

೭. ಹಾಳು ಬಾವಿ, ಗೋಬರ್ ಗುಂಡಿಗಳು

ಗ್ರಾಮಗಳಲ್ಲಿ ಯಾವ ಟ್ಯಾಂಕರೂ ಇಲ್ಲದೆ ವಿಷಾನಿಲವು ದೊರೆಯುವ ಸ್ಥಳಗಳೆಂದರೆ ಬಹುಕಾಲ ಮುಚ್ಚಿದ ಬಾವಿ, ಗೋಬರ್ ಅನಿಲದ ಗುಂಡಿ, ಮಲಗುಂಡಿ ಮತ್ತು ಹಗೇವು. ಒಬ್ಬನು ಇಳಿದು ಮೂರ್ಛೆ ಹೋಗುತ್ತಾನೆ. ಅವನ ತಮ್ಮನು ಎತ್ತಲು ಇಳಿಯುತ್ತಾನೆ. ತಂದೆಯು ಮಕ್ಕಳಿಗಾಗಿ ಇಳಿಯುತ್ತಾನೆ. ಹೀಗೆ ಒಂದೇ ಮನೆಯ ಮೂವರು ಹೋಗುವ ಸಂಭವವಿರುವುದು ಇಂಥ ಸ್ಥಳಗಳಲ್ಲಿಯೇ. ಕೊಳೆತ ಮೊಟ್ಟೆಯ ವಾಸನೆಯುಳ್ಳ ಹೈಡ್ರೊಜನ್ ಸಲ್ಫೈಡ್ ಅನಿಲವು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ನಿಂತಿತೆಂದು ಇಳಿಯುವುದು ಅತ್ಯಂತ ಅಪಾಯಕರ.

ದೀಪವನ್ನು ಇಳಿಬಿಟ್ಟು ನೋಡುವುದು ಹಿಂದಿನವರ ಪರೀಕ್ಷೆ. ದೀಪವು ಆರಿದರೆ ಉಸಿರಾಡುವ ಗಾಳಿಯು ಸಾಲದೆಂದು ತಿಳಿಯುತ್ತದೆ, ನಿಜ. ಆದರೆ ದೀಪವು ಉರಿಯುತ್ತಿದ್ದರೂ ವಿಷಾನಿಲವಿರಬಹುದು. ಗೋಬರ್ ಗುಂಡಿಯಲ್ಲಾದರೆ ಆ ದೀಪದಿಂದಲೇ ಅನಿಲವು ಸಿಡಿಯಬಹುದು. ಆದುದರಿಂದ ಈ ಪರೀಕ್ಷೆಯನ್ನು ಬಿಡತಕ್ಕದ್ದು. ಬಿದ್ದವನಿಗೆ ಹಗ್ಗವು ಮೊದಲೇ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಬೇಕು; ಇಲ್ಲದಿದ್ದರೆ ಅಗ್ನಿಶಾಮಕ ದಳದವರಿಗೆ ಕರೆ ಕಳುಹಿಸಬೇಕು. ಉಸಿರಾಟದ ಉಪಕರಣವಿಲ್ಲದೆ ಎರಡನೆಯವನು ಇಳಿಯಕೂಡದು. ಇದನ್ನು ಆ ಹೊತ್ತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ತಮ್ಮನನ್ನು ಹಿಡಿದು ನಿಲ್ಲಿಸಬೇಕಾದವರು ಊರಿನ ಹಿರಿಯರೇ.

೮. ಗ್ರಾಮದ ಮುಖಂಡರು ಮಾಡತಕ್ಕದ್ದು

ಮುಂಚಿತವಾಗಿ:

(೧) ಊರಿನಲ್ಲಿ ಕೀಟನಾಶಕ, ಹೊಗೆಮಾತ್ರೆ, ಅಮೋನಿಯ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂಬ ಪಟ್ಟಿಯನ್ನು ಪಂಚಾಯಿತಿಯಲ್ಲಿ ಇಟ್ಟಿರಬೇಕು.

(೨) ಶೈತ್ಯಾಗಾರವಿರುವ ಊರಿನಲ್ಲಿ ಅದರ ಅನಿಲವನ್ನು ನಿಲ್ಲಿಸುವವನು ಯಾರು, ರಾತ್ರಿ ಅವನು ಎಲ್ಲಿರುತ್ತಾನೆ ಎಂಬುದನ್ನು ತಿಳಿದಿರಬೇಕು.

(೩) ೧೯೯೬ರ ನಿಯಮಗಳಂತೆ, ಹೆಚ್ಚು ಅಪಾಯದ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಾಸಾಯನಿಕ ವಿಪತ್ತಿನ ಸಮಿತಿಯಿರತಕ್ಕದ್ದು. ತಮ್ಮ ಊರು ಅಂಥ ಕಾರ್ಖಾನೆಯ ಸಮೀಪದಲ್ಲಿದ್ದರೆ ಅದರ ಏರ್ಪಾಡುಗಳನ್ನು ವಿಚಾರಿಸಿ ತಿಳಿಯಬೇಕು.

ವಿಪತ್ತು ಒದಗಿದಾಗ:

(೧) ೧೧೨ಕ್ಕೆ ಕರೆ ಮಾಡಿ, ಸ್ಥಳ, ಫಲಕದ ಸಂಖ್ಯೆ, ಗಾಳಿಯ ದಿಕ್ಕು, ಬಿದ್ದವರ ಸಂಖ್ಯೆ ಇವನ್ನು ತಿಳಿಸಬೇಕು. ಯಾವ ಕಡೆಯ ದಾರಿಯಿಂದ ಬಂದರೆ ಗಾಳಿ ಬೆನ್ನಿಗಾಗುವುದೆಂದೂ ಹೇಳಬೇಕು.

(೨) ರಸ್ತೆಯ ಎರಡು ಕಡೆಯೂ ದೂರದಲ್ಲಿ ಜನರನ್ನು ನಿಲ್ಲಿಸಿ ವಾಹನಗಳನ್ನು ತಡೆಯಬೇಕು.

(೩) ಉರಿಯುವ ಅನಿಲವಾದರೆ ಗಾಳಿಯ ಕೆಳಗಿನ ಮನೆಗಳಲ್ಲಿ ಒಲೆ, ದೀಪ, ಬೀಡಿಗಳನ್ನು ಆರಿಸಿಸಬೇಕು. ವಿದ್ಯುತ್ತಿನ ಗುಂಡಿಗಳನ್ನು ಒತ್ತಕೂಡದು. ವಾಹನಗಳನ್ನು ಚಾಲೂ ಮಾಡಕೂಡದು.

(೪) ವಿಷದ ಆವಿಯು ಆಗಲೇ ಹತ್ತಿರ ಬಂದಿದ್ದು ಹೊರಡಲು ಸಮಯವಿಲ್ಲದಿದ್ದರೆ, ಒಳಗೇ ಇದ್ದು ಬಾಗಿಲುಕಿಟಕಿಗಳನ್ನು ಮುಚ್ಚಿ ಸಂದುಗಳಿಗೆ ಒದ್ದೆಯ ಬಟ್ಟೆಯನ್ನು ತುರುಕಬೇಕು. ಸಮಯವಿದ್ದರೆ ಗಾಳಿಗೆ ಅಡ್ಡಲಾಗಿ ತೆರಳಬೇಕು. ಮುದುಕರನ್ನೂ ಮಕ್ಕಳನ್ನೂ ಮೊದಲು ಸಾಗಿಸಬೇಕು. ದನಗಳ ಕಣ್ಣಿಯನ್ನು ಬಿಚ್ಚಿಬಿಟ್ಟರೆ ಸಾಕು. ಅವನ್ನು ಹೊಡೆದುಕೊಂಡು ಹೋಗಲು ಮನುಷ್ಯರು ಹಿಂದೆ ನಿಲ್ಲಕೂಡದು.

(೫) ದ್ರವವು ಕಾಲುವೆಯ ಕಡೆಗೆ ಹರಿಯುತ್ತಿದ್ದರೆ, ಬಹಳ ಕೆಳಗೆ, ಆವಿಯಿಲ್ಲದ ಕಡೆಯಲ್ಲಿ ಮಣ್ಣಿನ ಕಟ್ಟೆ ಹಾಕಿಸಬಹುದು. ಕೆಳಗಿನ ಊರಿನವರಿಗೆ ತೂಬು ಮುಚ್ಚಲು ಹೇಳಿ ಕಳುಹಿಸಬೇಕು.

(೬) ಅಧಿಕಾರಿಗಳು ನಿರಪಾಯವೆಂದು ಹೇಳುವ ತನಕ ಯಾರೂ ಸ್ಥಳಕ್ಕೆ ಹಿಂದಿರುಗಕೂಡದು. ಚೆಲ್ಲಿದ ಪದಾರ್ಥವನ್ನೂ ಖಾಲಿ ಪೀಪಾಯಿಗಳನ್ನೂ ಮನೆಗೆ ಒಯ್ಯುವುದನ್ನು ಖಂಡಿತವಾಗಿ ತಡೆಯಬೇಕು. ಅಂಥ ಪೀಪಾಯಿಯಲ್ಲಿ ತುಂಬಿಟ್ಟ ನೀರು, ದವಸ, ಎಣ್ಣೆಗಳು ತಿಂಗಳುಗಳ ಮೇಲೆಯೂ ವಿಷವಾಗಬಲ್ಲವು.

ಈ ಕ್ರಮಗಳಲ್ಲಿ ಹೆಚ್ಚಿನ ಹಣದ ವೆಚ್ಚವಿಲ್ಲ. ಸುಗ್ಗಿಯ ಕೆಲಸ ಮುಗಿದ ಮೇಲೆ ಒಂದು ಸಾಯಂಕಾಲ ಊರಿನ ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿ, ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಬರಮಾಡಿಕೊಂಡು ಇವನ್ನು ಓದಿ ತಿಳಿಸಿದರೆ ಸಾಕು. ವಿಪತ್ತಿನ ದಿನ ಓಡಿಬರುವ ನೂರು ಜನರಲ್ಲಿ ಗಾಳಿಯ ದಿಕ್ಕನ್ನು ನೋಡಿ ನಿಲ್ಲುವವನು ಒಬ್ಬನಾದರೂ ಇದ್ದರೆ, ಉಳಿದವರನ್ನೂ ಅವನು ನಿಲ್ಲಿಸಬಲ್ಲನು.